ಅರಿಶಿನ ಹತ್ತಿದ ಮಖಮಲ್ಲು

ನನಗೆ ದುಬಾರಿ ಬಟ್ಟೆಯ ಆಸೆ. ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಹೆತ್ತೆ, ಮದುವೆ ಮಾಡಿದೆ, ಗಂಡನನ್ನು ಕಳಿಸಿಕೊಟ್ಟೆ. ಅವುಗಳ ಬಗ್ಗೆ ಬರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಬಟ್ಟೆಯ ಬಗ್ಗೆ ಇದೆ.

ಬಟ್ಟೆ ಅಂದರೆ ಸೀರೆ ಅಲ್ಲ. ಸೀರೆ ಯಾರ ಮನೆಯಲ್ಲಿ ಇಲ್ಲ? ನಾನು ಹೇಳುತ್ತಿರುವುದು ಯಾತಕ್ಕೂ ಬಾರದ ಬಟ್ಟೆ. ನೆಲ ಗುಡಿಸುವಷ್ಟು ಉದ್ದ ಇರಬೇಕು, ಒಗೆಯಲು ಬರಬಾರದು, ಉಟ್ಟುಕೊಂಡು ಒಲೆಯ ಮುಂದೆ ಕೂಡಲು ಆಗಬಾರದು. ಅದರ ಜೊತೆಗಿನ ಪರ್ಸು ಇಷ್ಟೇ ಇಷ್ಟು ಇರಬೇಕು, ಒಂದು ಅಡಕೆ ಹೋಳು ಇಟ್ಟರೆ ಮುಚ್ಚಳ ಬೀಳಬಾರದು. ಅಂಥದ್ದು.

ನನ್ನ ತವರು ಅಕ್ಕಲಕೋಟದ ಹತ್ತಿರದ ಮೈಂದರ್ಗಿ. ಅಪ್ಪನ ಹೊಲದಲ್ಲಿ ಜೋಳ, ತೊಗರಿ. ಉಣ್ಣಲು ಕಡಿಮೆ ಇರಲಿಲ್ಲ. ಪಂಚಮಿಗೆ ಒಂದು ಲಂಗ, ದೀಪಾವಳಿಗೆ ಒಂದು, ಎರಡೂ ಒಂದೇ ಥಾನಿನದು. ಅಕ್ಕತಂಗಿಯರೆಲ್ಲ ಒಂದೇ ಬಣ್ಣದವರಾಗಿ ಓಣಿಯಲ್ಲಿ ತಿರುಗುತ್ತಿದ್ದೆವು. ಕನ್ನಡ ಸಾಲಿಗೆ ನಾಲ್ಕನೆಯ ಇಯತ್ತೆಯವರೆಗೆ ಹೋದೆ. ಆಮೇಲೆ ಬಿಡಿಸಿದರು. ಬಿಡಿಸಿದ್ದಕ್ಕೆ ನನಗೆ ಏನೂ ಅನಿಸಲಿಲ್ಲ.

ಒಮ್ಮೆ ಅಪ್ಪ ಅವ್ವನ ಜೊತೆ ಅಕ್ಕಲಕೋಟದ ಗುಡಿಗೆ ಹೋಗಿದ್ದೆ. ಬಿಸಿಲೆಂದರೆ ಬಿಸಿಲು. ಪಾಳಿ ಹಚ್ಚಿ ನಿಂತಿದ್ದೆವು. ನಮ್ಮ ಮುಂದೆ ಕಾರಿನಿಂದ ಇಳಿದು ಬಂದ ಒಬ್ಬ ಹೆಣ್ಣುಮಗಳು. ಸೊಲ್ಲಾಪುರದ ಮಿಲ್ಲಿನವರ ಮನೆಯವಳು ಎಂದು ಮಂದಿ ಮಾತಾಡಿಕೊಂಡರು. ಆ ಬಿಸಿಲಿನಲ್ಲಿ ಅವಳ ಹೆಗಲ ಮೇಲೆ ತುಪ್ಪಳದ ಒಂದು ಪಟ್ಟಿ ಇತ್ತು. ಯಾವ ಪ್ರಾಣಿಯದೋ ಗೊತ್ತಿಲ್ಲ. ಬೆವರು ಅವಳ ಕುತ್ತಿಗೆಯಿಂದ ಇಳಿಯುತ್ತಿತ್ತು, ಆದರೂ ತೆಗೆಯಲಿಲ್ಲ. ನಾನು ಕೈ ಚಾಚಿ ಅದನ್ನು ಮುಟ್ಟಿದೆ. ಅವ್ವ ಕಪಾಳಕ್ಕೆ ಕೊಟ್ಟಳು. ಆ ಹೆಣ್ಣುಮಗಳು ಹಿಂತಿರುಗಿ ನೋಡಲಿಲ್ಲ. ನಾನು ಅಳಲೂ ಇಲ್ಲ. ಅದು ನನಗೆ ಬೇಕು ಅನಿಸಿತು, ಅಷ್ಟೇ. ಆ ದಿನ ಗುಡಿಯಲ್ಲಿ ಏನು ಬೇಡಿಕೊಂಡೆ ಎಂದು ಅವ್ವ ಆಮೇಲೆ ಕೇಳಿದಳು. ತುಪ್ಪಳ ಅಂದೆ. ಇನ್ನೊಂದು ಬಿತ್ತು.

ಕೊಟ್ಟದ್ದು ಸೊಲ್ಲಾಪುರಕ್ಕೆ. ಚಾದರು, ಟಾವೆಲ್ಲಿನ ಠೋಕ, ಅಂದರೆ ಸಗಟು ವ್ಯಾಪಾರದ ಮನೆ. ಅಂಗಡಿ ಚಾಟಿ ಗಲ್ಲಿಯಲ್ಲಿ, ಮನೆ ಮೇಲೆ. ಬಟ್ಟೆಯ ಮನೆ ಎಂದು ಕೇಳಿ ನನಗೆ ಒಳಗೊಳಗೇ ಹಿಗ್ಗಾಗಿತ್ತು. ಬಂದು ನೋಡಿದರೆ ಎಲ್ಲಿ ನೋಡಿದರೂ ಟಾವೆಲ್ಲು. ಮೆಟ್ಟಿಲ ಮೇಲೆ ಗಂಟು, ಮಂಚದ ಕೆಳಗೆ ಗಂಟು.

ಸೀರೆಗಳೂ ಇದ್ದವು. ಅವು ಆಹೇರಿಗೆ ಬಂದವು. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ, ನೆಂಟರಿಗೆ ಆಹೇರು ಎಂದು ಸೀರೆ ಕೊಡುತ್ತಾರೆ. ಬಂದ ಸೀರೆಯನ್ನು ಯಾರೂ ಉಡುವುದಿಲ್ಲ. ಮಡಿಕೆ ಬಿಚ್ಚದೆ ಇಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುವುದು. ನನ್ನ ಬಟ್ಟೆಯ ತಿಜೋರಿ ಧರ್ಮಶಾಲೆ ಇದ್ದ ಹಾಗೆ. ಸೀರೆ ಬರುತ್ತಿದ್ದವು, ವಸ್ತಿ ಮಾಡುತ್ತಿದ್ದವು, ಹೋಗುತ್ತಿದ್ದವು. ಕೀಲಿ ಮಾತ್ರ ನನ್ನದು.

ಗಂಡ ಕೆಟ್ಟ ಮನುಷ್ಯ ಅಲ್ಲ. ಮಾತು ಕಡಿಮೆ. ಒಮ್ಮೆ ಇಬ್ಬರೂ ಸಿನಿಮಾಕ್ಕೆ ಹೋಗಿ ಬರುವಾಗ ಒಂದು ಅಂಗಡಿಯ ಗಾಜಿನ ಹಿಂದೆ ಬಂಗಾರ ಬಣ್ಣದ ಉದ್ದನೆಯ ಅಂಗಿ ತೂಗುಹಾಕಿದ್ದರು. ನಾನು ನಿಂತೆ. ಅವರೂ ನಿಂತರು. ಅದು ಬೇಕು ಅಂದೆ. ಅವರು ಅಂಗಿ ನೋಡಿದರು, ನನ್ನನ್ನು ನೋಡಿದರು.

‘ನಾವು ಟಾವೆಲ್ ಮಂದಿ. ಮೈ ಒರಸೂದು ನಮ್ಮ ಧಂದೆ, ಮೈ ತೋರಸೂದಲ್ಲ. ನಡಿ.’

ನಡೆದೆ. ಅವರು ಜೀವನದಲ್ಲಿ ಆಡಿದ ತಮಾಷೆ ಅದೊಂದೇ ಇರಬೇಕು. ಮನೆಯಲ್ಲಿ ಎಲ್ಲರಿಗೂ ಹೇಳಿದರು. ಎಷ್ಟೋ ವರ್ಷ ಆ ಮಾತು ಓಡಾಡಿಕೊಂಡಿತ್ತು. ನಾನು ಹೊಸದು ಏನು ಕೇಳಿದರೂ ಮೈದುನಂದಿರು ಒಂದು ಟಾವೆಲ್ ತಂದು ಮುಂದೆ ಇಡುತ್ತಿದ್ದರು.

ಅವರು ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಎಲ್ಲರೂ ಕಾದರು. ಬಳೆ ತೆಗೆದರು, ಕುಂಕುಮ ಒರೆಸಿದರು. ಒರೆಸಿದ್ದೂ ನಮ್ಮ ಅಂಗಡಿಯ ಟಾವೆಲ್ಲಿನಿಂದಲೇ. ಅದನ್ನು ನೋಡಿ ನನಗೆ ಅವರ ತಮಾಷೆ ನೆನಪಾಯಿತು. ನಗುವೂ ಬರಲಿಲ್ಲ. ಅಂದಿನಿಂದ ಹಾಗೇ ಇದ್ದೇನೆ. ಉಂಡರೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಯಾರಾದರೂ ಸತ್ತ ಸುದ್ದಿ ಬಂದರೆ ಹೌದಾ ಅನ್ನುತ್ತೇನೆ, ಯಾರಾದರೂ ಹುಟ್ಟಿದರೂ ಹೌದಾ ಅನ್ನುತ್ತೇನೆ. ಸೊಸೆ ತರುವ ಸೀರೆಗಳ ಬಣ್ಣವೂ ಬದಲಾಯಿತು. ಬೂದಿ ಬಣ್ಣ, ಬಿಸ್ಕೀಟಿನ ಬಣ್ಣ. ಒಂದನ್ನು ಬಿಚ್ಚಿ ಇನ್ನೊಂದನ್ನು ಉಟ್ಟರೂ ಗೊತ್ತಾಗುತ್ತಿರಲಿಲ್ಲ.

ಬಟ್ಟೆಯ ಆಸೆ ಮಾತ್ರ ಹೋಗಲಿಲ್ಲ. ಅದು ಯಾಕೆ ಉಳಿಯಿತೋ ನನಗೆ ಗೊತ್ತಿಲ್ಲ.

ಮೊಮ್ಮಗಳು ತನ್ನ ಹಳೆಯ ಫೋನು ನನಗೆ ಕೊಟ್ಟಳು. ಅದರಲ್ಲಿ ಭಜನೆ ಹಚ್ಚಿಕೊಟ್ಟು ಹೋದಳು. ನಾನು ಹೆಬ್ಬೆರಳಿನಿಂದ ತಳ್ಳುತ್ತ ತಳ್ಳುತ್ತ ಬಟ್ಟೆ ಹುಡುಕಿಕೊಂಡೆ. ಪರದೇಶದ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ನಡೆದು ಬರುತ್ತಾರೆ. ಒಬ್ಬಳ ತಲೆಯ ಮೇಲೆ ಹಕ್ಕಿಯ ಗೂಡು. ಒಬ್ಬಳ ಹಿಂದೆ ಹಾಸಿಗೆಯಷ್ಟು ಬಟ್ಟೆ ಎಳೆದುಕೊಂಡು ಬರುತ್ತದೆ. ಮುಖ ಎಲ್ಲರದೂ ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ. ನಗುವುದಿಲ್ಲ, ಯಾರನ್ನೂ ನೋಡುವುದಿಲ್ಲ, ಬರುತ್ತಾರೆ, ತಿರುಗುತ್ತಾರೆ, ಹೋಗುತ್ತಾರೆ. ಆ ಮುಖ ನನಗೂ ಇದೆ, ಅಂಗಿ ಮಾತ್ರ ಇಲ್ಲ ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ.

ಹೋದ ವರ್ಷ ಅವಳ ಮದುವೆ ಗೊತ್ತಾಯಿತು. ಅಕ್ಷತೆಗೆ ಸೀರೆ, ಸಂಜೆಯ ರಿಸೆಪ್ಶನ್ನಿಗೆ ಬೇರೆ ಬಟ್ಟೆ. ಆ ಬಟ್ಟೆಯನ್ನು ಈಗ ಯಾರೂ ಕೊಳ್ಳುವುದಿಲ್ಲವಂತೆ. ಬಾಡಿಗೆಗೆ ತಂದು, ಉಟ್ಟು, ಮರುದಿನ ವಾಪಸ್ ಕೊಡುವುದು. ಹೋಟಗಿ ರೋಡಿನಲ್ಲಿ ಅಂಥ ಒಂದು ಅಂಗಡಿ ಇದೆ. ಸೊಸೆ, ಮೊಮ್ಮಗಳು, ನಾನು ಮೂವರೂ ಹೋದೆವು. ನನ್ನನ್ನು ಬರಬೇಡ ಅನ್ನಲು ಅವರಿಗೆ ಆಗಲಿಲ್ಲ. ನಾನು ಬೆಳಿಗ್ಗೆಯೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೆ.

ಅಲ್ಲಿ ಅದನ್ನು ಕಂಡೆ.

ಕೋಟು. ಕಾಲಿನ ತನಕ ಉದ್ದ. ನೇರಳೆಹಣ್ಣಿನ ಬಣ್ಣದ ಮಖಮಲ್ಲು. ಬೆನ್ನ ಮೇಲೆ ಜರಿಯಿಂದ ಕೈಯಲ್ಲೇ ಹೊಲಿದ ನವಿಲು. ಕುತ್ತಿಗೆಯ ಹತ್ತಿರ ಅದರ ತಲೆ, ಗರಿಗಳು ಬೆನ್ನಿನಿಂದ ಇಳಿದು ನೆಲದ ಮೇಲೆ ಒಂದು ಮೊಳ ಹರಡಿಕೊಂಡಿದ್ದವು. ಹೆಗಲಿಗೆ ಹರಳು. ಒಳಗೆ ಅಸ್ತರು ಕಿತ್ತಳೆ ಬಣ್ಣದ ರೇಷ್ಮೆ. ಹೊರಗಿನವರಿಗೆ ಕಾಣದ ಜಾಗಕ್ಕೂ ರೇಷ್ಮೆ. ಅದು ನನಗೆ ಬಹಳ ಹಿಡಿಸಿತು.

ನಾನು ಕೈ ಚಾಚಿದೆ. ಅಂಗಡಿಯ ಹುಡುಗಿ, ‘ಆಜಿ, ಹಾತ್ ನಕಾ ಲಾವೂ’ ಅಂದಳು. ಕೈ ಹಚ್ಚಬೇಡ ಅಂತ. ಈ ಸಲ ಕಪಾಳಕ್ಕೆ ಯಾರೂ ಕೊಡಲಿಲ್ಲ, ಅದಕ್ಕೆ ಹಚ್ಚಿದೆ. ಕರುವಿನ ಕಿವಿಯ ಹಿಂದೆ ಮುಟ್ಟಿದ ಹಾಗಿತ್ತು. ಕೊಳ್ಳುವುದಾದರೆ ಎಷ್ಟು ಎಂದು ಕೇಳಿದೆ. ಹುಡುಗಿ ಹೇಳಿದಳು. ಸೊಸೆ ಮುಖ ಆ ಕಡೆ ತಿರುಗಿಸಿ ಫ್ಯಾನು ನೋಡಿದಳು.

ಮೊಮ್ಮಗಳಿಗೂ ಅದೇ ಹಿಡಿಸಿತು. ಲೆಹೆಂಗಾದ ಮೇಲೆ ಹಾಕಿಕೊಳ್ಳುವುದೆಂದು ಬಾಡಿಗೆಗೆ ಗೊತ್ತು ಮಾಡಿದರು. ಜೊತೆಗೆ ಒಂದು ಹಿತ್ತಾಳೆಯ ಪರ್ಸು ಇತ್ತು, ಪಾರಿವಾಳದ ಆಕಾರದ್ದು, ಅದನ್ನು ಬೇಡ ಅಂದರು. ಕಲೆ ಬೀಳಬಾರದು, ಹರಿಯಬಾರದು, ಬಿದ್ದರೆ ಕೋಟು ನಿಮ್ಮದೇ, ದುಡ್ಡೂ ನಿಮ್ಮದೇ ಎಂದು ಅಂಗಡಿಯವರು ಮೂರು ಸಲ ಹೇಳಿದರು. ಸೊಸೆ ಮೂರು ಸಲ ಹೂಂ ಅಂದಳು. ನಾನು ಕೇಳಿಸಿಕೊಂಡೆ.

ಕೋಟನ್ನು ಮದುವೆಗೆ ಎರಡು ದಿನ ಮುಂಚೆ ತಂದರು. ಮನೆಯಲ್ಲಿ ಎತ್ತರದ ತಿಜೋರಿ ನನ್ನದೇ. ಮಡಚಬಾರದು ಎಂದು ಹೇಳಿದ್ದರಿಂದ ನನ್ನ ತಿಜೋರಿಯಲ್ಲೇ ತೂಗುಹಾಕಿದರು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಬಾಗಿಲಿಗೆ ಅಗಳಿ ಹಾಕಿ ಅದನ್ನು ಹೊರಗೆ ತೆಗೆದೆ. ಒಂದು ತೋಳಿನಲ್ಲಿ ಕೈ ಹಾಕಿದೆ. ಇನ್ನೊಂದರಲ್ಲಿ ಹಾಕಲಿಲ್ಲ.

ಯಾಕೆಂದರೆ ನಮ್ಮಲ್ಲಿ ಹೊಸ ಅರಿವೆಯನ್ನು ಹಾಗೇ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಮೂಲೆಗೆ ಒಂದಿಷ್ಟು ಅರಿಶಿನ, ಕುಂಕುಮ ಹಚ್ಚಿ ಆಮೇಲೆ ಉಡುವುದು. ಅದನ್ನು ಹಚ್ಚಬೇಕಾದವಳು ಮುತ್ತೈದೆ. ನಾನು ಅಲ್ಲ. ಅರಿಶಿನ ಹತ್ತದ ಹೊಸ ಬಟ್ಟೆ ಉಡಬಾರದು, ಅರಿಶಿನ ಹಚ್ಚಲು ನನಗೆ ಬರುವುದಿಲ್ಲ. ನಾನು ಅದನ್ನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ರೂಢಿ. ಒಂದು ತೋಳು ಹಾಕಿಕೊಂಡು ಸ್ವಲ್ಪ ಹೊತ್ತು ಮಂಚದ ಮೇಲೆ ಕೂತಿದ್ದೆ. ಆಮೇಲೆ ತೆಗೆದಿಟ್ಟೆ.

ಮದುವೆಯ ಹಿಂದಿನ ದಿನ ಅಕ್ಕಲಕೋಟದಿಂದ ನನ್ನ ನಾದಿನಿ ಬಂದರು. ಗಂಡನ ಅಕ್ಕ. ನನಗಿಂತ ಹಿರಿಯರು. ಕಣ್ಣು ಮಂಜು. ಮಾತು ಇವತ್ತಿಗೂ ಚಾಕು. ಅವರ ಗಂಡ ಜೀವಂತ ಇದ್ದಾರೆ, ಅಷ್ಟೇ. ಹಾಸಿಗೆಯಿಂದ ಎದ್ದು ಎಷ್ಟೋ ದಿನವಾಯಿತು. ಆದರೂ ಇದ್ದಾರಲ್ಲ, ಹೀಗಾಗಿ ನಮ್ಮ ಮನೆತನದಲ್ಲಿ ಎಲ್ಲಕ್ಕೂ ಮೊದಲ ಮುತ್ತೈದೆ ನಾದಿನಿಯೇ. ಮದುಮಗಳ ಬಟ್ಟೆಗಳಿಗೆ ಅರಿಶಿನ ಕುಂಕುಮ ಹಚ್ಚಲು ಅವರನ್ನೇ ಕರೆಸಿದ್ದರು.

ಬಟ್ಟೆಗಳನ್ನೆಲ್ಲ ನನ್ನ ಮಂಚದ ಮೇಲೆ ಹರವಿದ್ದರು. ಐದಾರು ಮುತ್ತೈದೆಯರು ನೆರೆದರು. ನಾನು ಅಲ್ಲೇ ಮಂಚದ ತುದಿಗೆ ಕೂತಿದ್ದೆ. ಸೊಸೆಯ ಅಣ್ಣನ ಹೆಂಡತಿ ಬಂದು ಮೆಲ್ಲಗೆ ನನ್ನ ಕಿವಿಯಲ್ಲಿ ಅಂದಳು.

‘ಆಯಿ, ನೀವು ಸ್ವಲ್ಪ ಹೊರಗ ಕುಂದರ್ತೀರೇನ್ರಿ. ಅರಿಷಿಣ ಹಚ್ಚೂದೈತಿ. ಕೀಲಿ ಇಲ್ಲೇ ಬಿಡ್ರಿ.’

ಸಿಟ್ಟು ಬರಲಿಲ್ಲ. ಕೀಲಿಗೊಂಚಲು ಬಿಚ್ಚಿ ಕೊಟ್ಟೆ. ಕೆಳಗಿಳಿದು ಹಿತ್ತಲಿಗೆ ಹೋಗಿ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತೆ. ಯಾರೋ ಚಹಾ ತಂದುಕೊಟ್ಟರು, ಕುಡಿದೆ. ಸೊಸೆ ಆಗ ಮನೆಯಲ್ಲಿ ಇರಲಿಲ್ಲ, ಮಂಗಲ ಕಾರ್ಯಾಲಯದಲ್ಲಿ ಅಡುಗೆಯವರ ಜೊತೆ ಇದ್ದಳು. ಮೊಮ್ಮಗಳು ಮೆಹೆಂದಿ ಹಾಕಿಸಿಕೊಳ್ಳುತ್ತ ಮೇಲೆ ಮಾಳಿಗೆಯಲ್ಲಿ ಇದ್ದಳು. ಯಾವುದು ನಮ್ಮದು, ಯಾವುದು ಬಾಡಿಗೆಯದು ಎಂದು ಗೊತ್ತಿದ್ದವರು ನಾವು ಮೂವರೇ. ಮೂವರೂ ಆ ಖೋಲಿಯಲ್ಲಿ ಇರಲಿಲ್ಲ.

ನಾದಿನಿ ಸೀರೆಗಳಿಗೆಲ್ಲ ಹಚ್ಚಿದರು. ತಿಜೋರಿಯ ಬಾಗಿಲು ತೆಗೆದವರು, ಇದೂ ಹುಡುಗಿಯದೇ, ಇದಕ್ಕೂ ಹಚ್ಚಿರಿ ಅಂದರು. ನಾದಿನಿ ಕೋಟಿಗೆ ಸೆರಗು ಎಲ್ಲಿ ಎಂದು ತಡವಿದರಂತೆ. ಕೋಟಿಗೆ ಎಲ್ಲಿಯ ಸೆರಗು? ಸಿಗಲಿಲ್ಲ. ಕೈಗೆ ಬಂದ ಜಾಗದಲ್ಲಿ, ಎಡಗಡೆಯ ಸೊಂಟದ ಹತ್ತಿರ, ತೋಯಿಸಿದ ಅರಿಶಿನ ಒಂದು ಬೆರಳು, ಅದರ ಮೇಲೆ ಕುಂಕುಮ. ಹಚ್ಚಿ, ಚಂದಾಗಿ ಬಾಳು ಎಂದು ಕೋಟಿಗೆ ಹರಸಿದರಂತೆ.

ಸಂಜೆ ಸೊಸೆ ಬಂದು ನೋಡಿದಳು. ನೋಡಿದವಳೇ ನೆಲಕ್ಕೆ ಕೂತಳು. ಆಮೇಲೆ ಎದ್ದು ಸಾಬೂನು ತಂದು ತಿಕ್ಕಿದಳು. ಅರಿಶಿನಕ್ಕೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಅವಳಿಗೂ ಗೊತ್ತು. ಗಾಬರಿಯಲ್ಲಿ ಮರೆತಳು. ಬೆರಳಿನಷ್ಟಿದ್ದದ್ದು ಅಂಗೈಯಷ್ಟಾಯಿತು, ಇಟ್ಟಂಗಿಯ ಬಣ್ಣ ಬಂತು. ನಾದಿನಿಗೆ ಯಾರೂ ಏನೂ ಅನ್ನಲಿಲ್ಲ. ಮುತ್ತೈದೆಯ ಕೈ, ಏನು ಅನ್ನುವುದು?

ರಿಸೆಪ್ಶನ್ನಿನಲ್ಲಿ ಮೊಮ್ಮಗಳು ಕಲೆಯ ಮೇಲೆ ಓಢಣಿ ಇಳಿಬಿಟ್ಟುಕೊಂಡು ನಿಂತಳು. ನವಿಲಿನ ಗರಿಯನ್ನು ಇಬ್ಬರು ಹುಡುಗಿಯರು ಹಿಂದೆ ಹಿಡಿದುಕೊಂಡು ನಡೆದರು. ಮಂದಿ ಫೋಟೋ ತೆಗೆದರು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಬೂದಿ ಬಣ್ಣದ ಸೀರೆಯಲ್ಲಿ ಕೂತು ಕೋಟನ್ನೇ ನೋಡುತ್ತಿದ್ದೆ. ಆಯಿಗೆ ಮೊಮ್ಮಗಳ ಮೇಲೆ ಎಷ್ಟು ಜೀವ, ಕಣ್ಣು ಕೀಳಲಿಲ್ಲ ಎಂದು ಬೀಗರು ಆಮೇಲೆ ಹೇಳಿಕೊಂಡರಂತೆ.

ಮರುದಿನ ಮಗ ಅದನ್ನು ಅಂಗಡಿಗೆ ಒಯ್ದ. ಅವರು ತೆಗೆದುಕೊಳ್ಳಲಿಲ್ಲ. ಹೇಳಿದ್ದನ್ನೇ ಹೇಳಿದರು. ಮಗ ತಿರುಗಿ ಬಂದು ಚೀಲವನ್ನು ಮೂಲೆಗೆ ಒಗೆದು ಉಣ್ಣಲು ಕೂತ. ಎಷ್ಟು ಹೋಯಿತು ಎಂದು ಯಾರೂ ಕೇಳಲಿಲ್ಲ. ಮೊಮ್ಮಗಳು ಗಂಡನ ಮನೆಗೆ ಹೋಗುವಾಗ, ಕಲೆಯದು ನನಗೆ ಬೇಡ ಅಂದಳು. ಸೊಸೆ ಅದನ್ನು ಕತ್ತರಿಸಿ ದೇವರ ಕೋಣೆಗೆ ಆಸನ ಹೊಲಿಸುತ್ತೇನೆ ಅಂದಳು. ನವಿಲು ನಡುವೆ ಬರುವಂತೆ.

ನಾನು ರೊಟ್ಟಿ ಮುರಿಯುತ್ತಿದ್ದೆ. ಮುರಿಯುತ್ತಲೇ, ಅದನ್ನು ನನಗೆ ಕೊಡಿರಿ ಅಂದೆ.

ಮಗ ನಕ್ಕ. ಕಂಬಳಿಯ ಹಾಗೆ ಹೊದೆಯಲು ಕೇಳುತ್ತಿದ್ದಾಳೆ ಅಂದುಕೊಂಡ. ಹೊದೆಯಲು ಅಲ್ಲ, ಹಾಕಿಕೊಳ್ಳಲು ಅಂದೆ. ಅವನು ನಗುವುದನ್ನು ನಿಲ್ಲಿಸಿದ. ಸೊಸೆ ಪಲ್ಯದ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅವಳು ಒಳ್ಳೆಯವಳು, ನನ್ನೊಡನೆ ಎಂದೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಆಗಲೂ ಮೆಲ್ಲಗೇ ಅಂದಳು.

‘ಅತ್ತಿ, ಅದಕ್ಕ ಅರಿಷಿಣ ಹತ್ಯಾದ್ರಿ.’

ಅಷ್ಟೇ ಸಾಕಾಗಿತ್ತು. ಅರಿಶಿನ ಹತ್ತಿದ ಬಟ್ಟೆ, ಅದೂ ಮದುಮಗಳ ಹೆಸರಿನಲ್ಲಿ ಮುತ್ತೈದೆ ಹಚ್ಚಿದ್ದು. ಅದನ್ನು ನಾನು ಮೈಮೇಲೆ ಹಾಕಿಕೊಂಡರೆ ಹುಡುಗಿಗೆ ಒಳ್ಳೆಯದಲ್ಲ ಅನ್ನುವುದು ಅವಳ ಭಯ. ಬಾಯಿಬಿಟ್ಟು ಹೇಳಲಿಲ್ಲ. ಅರಿಶಿನ ಹತ್ತಿದ್ದಕ್ಕೇ ಕೋಟು ಮನೆಯಲ್ಲಿ ಉಳಿಯಿತು. ಅರಿಶಿನ ಹತ್ತಿದ್ದಕ್ಕೇ ನನಗೆ ಬರದಂತೆ ಆಯಿತು. ನಾನು ಕೈ ತೊಳೆದುಕೊಂಡೆ.

ಮಗನಿಗೆ ಇಂಥ ಮಾತು ಬೇಗ ಮುಗಿಯಬೇಕು. ಅಕ್ಕಲಕೋಟದ ಅತ್ತೆ ಹಚ್ಚಿದ್ದು, ಆಕೆಯನ್ನೇ ಕೇಳಿರಿ, ಆಕೆ ಏನು ಅನ್ನುತ್ತಾಳೋ ಹಾಗೆ ಅಂದ. ಆಕೆ ತನಗೇ ಬೇಕು ಅಂದರೆ ಕೊಟ್ಟುಬಿಡಿ, ಹಿರಿಯಳು ಅಂದ. ಸೊಸೆಯೂ ಒಪ್ಪಿದಳು. ಫೋನಿನಲ್ಲಿ ಕೇಳುತ್ತೇನೆ ಅಂದಳು. ನಾನು ಹೋಗುತ್ತೇನೆ ಅಂದೆ.

ನನ್ನ ವಯಸ್ಸಿನವರಿಗೆ ಬಸ್ಸು ಪುಕ್ಕಟೆ. ಕೋಟಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತೆ. ನಾದಿನಿ ನನಗೆ ಎಂದೂ ಏನೂ ಕೊಟ್ಟವರಲ್ಲ. ಆಹೇರಿನ ಸೀರೆಯನ್ನು ಕೂಡ ಬೆಳಕಿಗೆ ಹಿಡಿದು ನೋಡಿ, ಹಗುರಾದದ್ದನ್ನು ನನ್ನ ಕಡೆ ಸರಿಸಿದವರು. ಕೋಟು ಅವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಕೇಳಲು ಇನ್ನೊಂದು ಜಾಗ ಇರಲಿಲ್ಲ.

ಅವರ ಮನೆ ಗುಡಿಯ ಹಿಂದಿನ ಓಣಿಯಲ್ಲಿ. ಒಳಗೆ ಅವರ ಗಂಡ ಮಲಗಿದ್ದರು. ನಾದಿನಿ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕಣ್ಣು ಕಾಣದಿದ್ದರೂ ಬೆಳ್ಳುಳ್ಳಿ ತಪ್ಪುತ್ತಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದರು. ಅವರು ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ, ತವರಿನ ಊರಿನಿಂದಲೇ ಕರೆಯುವುದು.

‘ಯಾಕ ಮೈಂದರ್ಗಿಯಾಕಿ, ಒಬ್ಬಾಕಿನೇ ಬಂದಿ? ಸೊಸಿ ಹೊರಗ ಹಾಕಿದಳೇನ?’

ಇನ್ನೂ ಇಲ್ಲ ಅಂದೆ. ಚೀಲದಿಂದ ಕೋಟು ತೆಗೆದು ಅವರ ತೊಡೆಯ ಮೇಲೆ ಇಟ್ಟೆ. ಬೆಳ್ಳುಳ್ಳಿಯ ಕೈ ಎಂದು ಅವರು ಮೊದಲು ಸೆರಗಿಗೆ ಒರೆಸಿಕೊಂಡರು. ಆಮೇಲೆ ಕೋಟಿನ ಮೇಲೆ ಕೈ ಆಡಿಸಿದರು. ಹೆಗಲಿನ ಹರಳು, ನವಿಲಿನ ತಲೆ, ಗರಿ, ಎಲ್ಲ ನಿಧಾನಕ್ಕೆ. ತಾವು ಮಾಡಿದ್ದು ಏನಾಯಿತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಬಾಡಿಗೆಯದು ಎಂದೂ, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ ಎಂದೂ, ಸೊಸೆ ಸಾಬೂನು ಹಚ್ಚಿದಳು ಎಂದೂ ಹೇಳಿದೆ. ಅವರು ಕಲೆ ಇದ್ದ ಜಾಗವನ್ನು ಕೇಳಿ, ಅಲ್ಲಿ ಬೆರಳು ಇಟ್ಟುಕೊಂಡು ಕೂತರು.

‘ಬಾಡಿಗಿ ಅರಿವಿ ಮದುಮಗಳಿಗಿ ಉಡಸ್ತಾರ ಅಂತ ನನಗ್ಯಾರ ಹೇಳ್ಯಾರ?’

ಯಾರೂ ಹೇಳಿರಲಿಲ್ಲ ಅಂದೆ.

‘ನೀ ಎಲ್ಲಿದ್ದಿ?’

‘ಹೊರಗ ಕೂಡಸಿದ್ರು.’

ಒಳಗಿನಿಂದ ಅವರ ಗಂಡ ಕೆಮ್ಮಿದರು. ಕೆಮ್ಮು ನಿಂತಿತು. ಆಮೇಲೆ ನಾದಿನಿ, ಈಗ ಇದನ್ನು ನನ್ನ ಹತ್ತಿರ ಯಾಕೆ ತಂದಿ, ನನಗೆ ಕೊಡಲಿಕ್ಕೋ, ತೋರಿಸಲಿಕ್ಕೋ ಎಂದು ಕೇಳಿದರು. ಕೇಳಲು ತಂದೆ ಅಂದೆ.

‘ಏನ ಕೇಳಾಕ?’

‘ಇದು ನನಗ ಬೇಕ್ರಿ ಅಕ್ಕಾರ.’

‘ಉಟ್ಕೊಂಡು ಎಲ್ಲಿಗಿ ಹೋಗಾಕಿ?’

‘ಎಲ್ಲಿಗೂ ಇಲ್ರಿ.’

‘ಮತ್ತ್ಯಾಕ?’

‘ಬೇಕಾಗ್ಯಾದ.’

ಅವರು ನನ್ನ ದನಿ ಬಂದ ಕಡೆ ಮುಖ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೀಲ ಅಲ್ಲೇ ಬಿಟ್ಟು ಮುಂದಿನ ಬಸ್ಸು ಹಿಡಿಯುವವಳಿದ್ದೆ. ಅವರು ಕೈ ಚಾಚಿ, ಗೂಟಕ್ಕೆ ಕತ್ತರಿ ಇದೆ ಕೊಡು ಅಂದರು. ಯಾಕೆ ಎಂದು ಕೇಳಲಿಲ್ಲ. ಕೊಟ್ಟೆ.

‘ಅರಿಷಿಣ ನಂದು. ನಂದು ನಾ ತಗೋತೀನಿ. ಉಳಿದದ್ದು ನೀ ಒಯ್ಯಿ.’

ಹಾಗೆಂದು ಎಡಗೈಯ ಬೆರಳನ್ನು ಕಲೆಯ ಸುತ್ತ ಇಟ್ಟುಕೊಂಡು ಕತ್ತರಿಸತೊಡಗಿದರು. ಮಖಮಲ್ಲು ದಪ್ಪ. ಕತ್ತರಿ ಹಳೆಯದು. ಕಚಕ್ ಎಂದು ನಿಲ್ಲುವುದು, ಮತ್ತೆ ಹಿಡಿಯುವುದು. ಒಳಗಿನ ಕಿತ್ತಳೆ ರೇಷ್ಮೆಯೂ ಅದರ ಜೊತೆಗೇ ಹೋಯಿತು. ಜರಿಯ ಒಂದು ಗರಿಯ ತುದಿಯೂ ಹೋಯಿತು. ಮೆಲ್ಲಗೆ, ಗರಿ ಬಿಟ್ಟು ಕತ್ತರಿಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಕೋಟಿನ ಬೆಲೆ ಅಂಗಡಿಯ ಹುಡುಗಿ ಹೇಳಿದ್ದು ನೆನಪಿತ್ತು. ಅದು ಕತ್ತರಿಯ ಬಾಯಲ್ಲಿ ಹೋಗುತ್ತಿದ್ದುದನ್ನು ನೋಡುತ್ತ ಕೂತಿದ್ದೆ. ಅಯ್ಯೋ ಅನಿಸಲಿಲ್ಲ. ಬೇಗ ಮುಗಿಯಲಿ ಅನಿಸಿತು, ಕೋಟು ನನ್ನ ಕೈಗೆ ಬರಲಿ ಎಂದು.

ಅಂಗೈಯಷ್ಟು ತುಂಡು ಬಂತು. ಅವರು ಅದನ್ನು ಮಡಚಿ ಕುಂಕುಮದ ಕರಂಡಿಕೆಯ ಕೆಳಗೆ ಇಟ್ಟುಕೊಂಡರು. ಕೋಟನ್ನು ನನ್ನ ಕಡೆ ನೂಕಿದರು.

‘ಇನ್ನ ಅದಕ್ಕ ಅರಿಷಿಣಿಲ್ಲ. ನಿನ್ನ ಸೊಸಿಗಿ ನಾ ಹೇಳೇನಂತ ಹೇಳು. ಹಾಕ್ಕೋ, ನೋಡೂಣು.’

ನೋಡಲು ಅವರಿಗೆ ಕಣ್ಣಿಲ್ಲ. ಆದರೂ ಹಾಕಿಕೊಂಡೆ. ಈ ಸಲ ಎರಡೂ ತೋಳು. ನಾನು ಎದ್ದು ನಿಂತೆ, ಅವರು ಕೂತಲ್ಲಿಂದಲೇ ಬೆನ್ನು ತಿರುಗಿಸು ಅಂದರು, ತಿರುಗಿದೆ. ಗರಿಗಳು ಬೆಳ್ಳುಳ್ಳಿ ಸಿಪ್ಪೆಯ ಮೇಲೆ ಹರಿದಾಡಿದವು. ಅವರು ಕೆಳಗಿನ ತುದಿಯನ್ನು ಹಿಡಿದು ಮೇಲಿನವರೆಗೆ ಕೈ ಆಡಿಸಿದರು. ಭಾರ ಅದ ಅಂದರು. ಹೌದು ಅಂದೆ. ಸೆಕೆ ಆಗುತ್ತದೇನು ಎಂದು ಕೇಳಿದರು. ಆಗುತ್ತದೆ ಅಂದೆ. ಇಬ್ಬರೂ ಚಹಾ ಕುಡಿದೆವು. ಅವರು ಕೋಟಿನ ಮಾತು ಮತ್ತೆ ಎತ್ತಲಿಲ್ಲ, ಬೆಳ್ಳುಳ್ಳಿಯ ದರದ ಮಾತು ಎತ್ತಿದರು.

ಚೀಲದಲ್ಲಿ ಮಡಚಿ ಇಡಲಿಲ್ಲ. ಹಾಕಿಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದೆ. ಮಂದಿ ನೋಡಿದರು. ಗುಡಿಗೆ ಬಂದವರು ನೋಡಿದರು, ಹೂವಿನವರು ನೋಡಿದರು. ಒಬ್ಬ ಆಟೋದವನು ಮರಾಠಿಯಲ್ಲಿ, ಆಜಿ ಯಾವ ನಾಟಕದಲ್ಲಿ ಪಾತ್ರ ಎಂದು ಕೇಳಿದ. ನಾನು ನಡೆದೆ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮೈ ಒದ್ದೆಯಾಗಿ ಅಸ್ತರು ಬೆನ್ನಿಗೆ ಅಂಟಿತು. ತೆಗೆಯಬೇಕು ಅನಿಸಲಿಲ್ಲ.

ಬಸ್ಸು ಬಂದಾಗ ಮೆಟ್ಟಿಲು ಎತ್ತರ. ನಾನು ಕಂಬಿ ಹಿಡಿದು ಹತ್ತುವಾಗ ಹಿಂದೆ ಗರಿ ಎಲ್ಲಿಯೋ ಸಿಕ್ಕಿಕೊಂಡಿತು, ಮುಂದೆ ಹೋಗಲು ಆಗಲಿಲ್ಲ. ಆಮೇಲೆ ಒಮ್ಮೆಲೇ ಹಗುರಾಯಿತು. ಹಿಂದಿದ್ದ ಯಾವಳೋ ಹೆಣ್ಣುಮಗಳು ಅದನ್ನು ಬಿಡಿಸಿ, ಎತ್ತಿ ಹಿಡಿದುಕೊಂಡಿದ್ದಳು. ನಾನು ಒಳಗೆ ಹೋಗಿ ಕೂರುವವರೆಗೂ ಹಿಡಿದುಕೊಂಡೇ ಬಂದಳು. ಸೀಟಿನ ಪಕ್ಕ ನೆಲ ತಾಗದಂತೆ ಮಡಚಿಟ್ಟು ತಾನು ಹಿಂದೆ ಹೋದಳು. ನಾನು ತಿರುಗಿ ನೋಡಲಿಲ್ಲ. ಬೀಡಿ ಎಲೆಯ ವಾಸನೆ ಬಂತು, ಬೀಡಿ ಕಟ್ಟುವವಳಿರಬೇಕು, ಕೈ ಮಾತ್ರ ಕಂಡಿತು.

ಮನೆಗೆ ಬಂದಾಗ ಸೊಸೆ ಬಾಗಿಲು ತೆಗೆದು ಮೊದಲು ಕೋಟು ನೋಡಿದಳು, ಆಮೇಲೆ ತೂತು. ನಾದಿನಿ ತಮ್ಮ ಅರಿಶಿನ ತೆಗೆದುಕೊಂಡರು ಅಂದೆ. ಅವಳಿಗೆ ತಿಳಿಯಿತು. ಅವಳ ಮುಖ ಸಡಿಲಾಯಿತು. ತೂತಿಗೆ ತೇಪೆ ಹಾಕಿಸಲೇ ಎಂದು ಕೇಳಿದಳು. ಮಗ ಅಂಗಡಿಯಿಂದ ಮೇಲೆ ಬಂದು, ನೇರಳೆ ಬಣ್ಣದ ಟಾವೆಲ್ ಇದೆ, ಅದರದೇ ತೇಪೆ ಹಾಕಿಸು ಅಂದ. ಅವನಿಗೆ ಅಪ್ಪನ ಮಾತು ನೆನಪಿತ್ತೋ ಇಲ್ಲವೋ ತಿಳಿಯಲಿಲ್ಲ. ಬೇಡ ಅಂದೆ.

ಅದು ಈಗ ನನ್ನ ತಿಜೋರಿಯಲ್ಲಿದೆ. ಆಹೇರಿನ ಸೀರೆಗಳನ್ನು ಕೆಳಗಿನ ಖಾನೆಗೆ ಸರಿಸಿದ್ದೇನೆ. ಮಧ್ಯಾಹ್ನ ಒಮ್ಮೊಮ್ಮೆ ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತೇನೆ. ಖುಷಿ ಆಗುತ್ತದೇನು ಎಂದು ಮೊಮ್ಮಗಳು ಫೋನಿನಲ್ಲಿ ಕೇಳಿದಳು. ಸೆಕೆ ಆಗುತ್ತದೆ ಅಂದೆ. ಅದು ಸುಳ್ಳಲ್ಲ. ಹೋಟಗಿ ರೋಡಿನ ಅಂಗಡಿಯಲ್ಲಿ ಆ ಪಾರಿವಾಳದ ಪರ್ಸು ಇನ್ನೂ ಇದೆಯೋ ನೋಡಿಕೊಂಡು ಬಾ ಎಂದೂ ಹೇಳಿದೆ.

ತೂತು ಸರಿಯಾಗಿ ನನ್ನ ಸೊಂಟದ ಹತ್ತಿರವೇ ಬಂದಿದೆ. ನಾನು ಕೀಲಿಗೊಂಚಲು ಸಿಗಿಸಿಕೊಳ್ಳುವುದು ಆ ಕಡೆಯೇ. ತಿಜೋರಿ ತೆರೆಯಬೇಕಾದರೆ ಕೋಟಿನ ಗುಂಡಿ ಬಿಚ್ಚುವುದು ಬೇಕಾಗಿಲ್ಲ, ತೂತಿನಿಂದಲೇ ಕೈ ಹಾಕಿ ಕೀಲಿ ತೆಗೆದುಕೊಳ್ಳುತ್ತೇನೆ.